ಮಳೆಗಾಲಕ್ಕೊಂದು ಆಲ್ಬಂ: ಎಲೆಕ್ಟ್ರಾನಿಕ್ ಸಂಗೀತವನ್ನು ಮತ್ತೆ ಮತ್ತೆ ಕೇಳುವ ಕ್ರಮ

ಚರಣ್‌ಜಿತ್ ಸಿಂಗ್ ಅವರ ಒಂದು ಎಲೆಕ್ಟ್ರಾನಿಕ್ ಆಲ್ಬಂ ನಾನು ಮೊದಲ ಸಲ ಕೇಳಿದ್ದು ಫೋನಿನ ಸ್ಪೀಕರಿನಲ್ಲಿ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ, ಹಿಂದುಗಡೆ ಅಡಿಕೆ ಸುಲಿಯುವ ಚಪ್ಪರ, ಮೇಲೆ ಶೀಟು, ಶೀಟಿನ ಮೇಲೆ ಜುಲೈ ತಿಂಗಳ ಮಳೆ. ಫೋನನ್ನು ಗೋಣಿಯ ಮೇಲಿಟ್ಟು ಹಾಡು ಹಾಕಿದೆ. ಎರಡು ನಿಮಿಷ ಆಗಿರಬೇಕು, ಪಕ್ಕದಲ್ಲಿ ಸುಲಿಯುತ್ತಾ ಕೂತಿದ್ದ ಮಾವ ತಲೆ ಎತ್ತಿ, "ಎಂತ ಮಾರಾಯ, ಆಗಿಂದ ಫೋನ್ ರಿಂಗ್ ಆಗ್ತಾ ಉಂಟು, ತೆಗೀಲಿಕ್ಕಿಲ್ವಾ?" ಅಂತ ಕೇಳಿದರು. ನನಗೂ ಹೆಚ್ಚುಕಡಿಮೆ ಹಾಗೇ ಅನ್ನಿಸಿತ್ತು. ಬಂದ್ ಮಾಡಿದೆ.

ಎರಡು ವರ್ಷ ಬಿಟ್ಟು ಒಂದು ಒಳ್ಳೆ ಹೆಡ್‌ಫೋನ್ ತಗೊಂಡೆ. ಅದೇ ಆಲ್ಬಂ ಹಾಕಿದೆ, ಮೈ ಜುಮ್ಮೆಂದಿತು. ಹೆಡ್‌ಫೋನ್ ಬಂದ ಮೇಲೆ ಆಲ್ಬಂ ಚೆಂದ ಆಯ್ತು ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಕೂತು ಯೋಚಿಸಿದರೆ ಲೆಕ್ಕ ಅಷ್ಟು ಸುಲಭ ಇರಲಿಲ್ಲ. ಯಾಕೆಂದರೆ ಆ ಎರಡು ವರ್ಷದಲ್ಲಿ ಮಂಗಳೂರಿನ ಬಸ್ಸಿನಲ್ಲಿ ನಲವತ್ತು ರೂಪಾಯಿಯ ಹಾಳುಮೂಳು ಇಯರ್‌ಫೋನ್ ಹಾಕಿಕೊಂಡು ನಾನು ಅದನ್ನು ಹತ್ತಿಪ್ಪತ್ತು ಸಲ ಕೇಳಿಯಾಗಿತ್ತು, ಅರ್ಧ ನಿದ್ದೆಯಲ್ಲಿ, ಲೆಕ್ಕವಿಲ್ಲದೆ. ಬದಲಾದದ್ದು ಸಾಮಾನಾ, ಕಿವಿಯಾ? ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದರಿಂದ ಗೊತ್ತಾಗುವ ಹಾಗೇ ಇರಲಿಲ್ಲ.

ಅದಕ್ಕೇ ಈ ಮಾರ್ಗದರ್ಶಿ. ಇದರಲ್ಲಿ ಇರುವುದು ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಸಾಮಾನು ಹಾಗೇ ಇಟ್ಟು ಕೇಳುವುದನ್ನು ಹೆಚ್ಚಿಸಿ. ಕಿವಿಗೆ ಆಲ್ಬಂ ಕೂತ ಮೇಲೆ ಸಾಮಾನು ಬದಲಾಯಿಸಿ. ಐದಾರು ವಾರ ಬೇಕು. ಮಳೆಗಾಲ ಇದಕ್ಕೆ ಒಳ್ಳೇದು, ಹೇಗೂ ಹೊರಗೆ ಹೋಗಲಿಕ್ಕೆ ಇಲ್ಲ.

ಯಾವ ಆಲ್ಬಂ?

ನಿಮಗೆ ಇಷ್ಟವಾದದ್ದು ಯಾವುದೂ ಆಗಬಹುದು, ಆದರೆ ಹೊಸಬರಿಗೆ ನಾನು ಹೇಳುವುದು ಮೇಲೆ ಹೇಳಿದ ಅದೇ ಆಲ್ಬಂ: ಚರಣ್‌ಜಿತ್ ಸಿಂಗ್ ಅವರ 1982ರ 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಮುಂಬಯಿಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. ರೋಲಾಂಡ್ ಕಂಪೆನಿಯ ಮೂರು ಯಂತ್ರ ಇಟ್ಟುಕೊಂಡು ಇದನ್ನು ಮಾಡಿದರು: ಟಿಆರ್-808 ಡ್ರಮ್ ಮೆಶಿನ್, ಟಿಬಿ-303 ಬಾಸ್ (ತಳದ ಸ್ವರದ) ಯಂತ್ರ, ಜುಪಿಟರ್-8 ಕೀಬೋರ್ಡ್. ಹತ್ತು ಹಾಡು, ಹತ್ತು ರಾಗ. ಆಗ ಯಾರೂ ಅಷ್ಟು ಲೆಕ್ಕಕ್ಕೆ ತಗೊಳ್ಳಲಿಲ್ಲ. 1987ರಲ್ಲಿ ಶಿಕಾಗೋದ ಹುಡುಗರು ಅದೇ 303 ಯಂತ್ರದ ಗುಂಡಿ ತಿರುಗಿಸಿ ಆಸಿಡ್ ಹೌಸ್ ಅಂತ ಒಂದು ಹೊಸ ಬಗೆಯ ಡ್ಯಾನ್ಸ್ ಸಂಗೀತವನ್ನೇ ಹೊರಡಿಸಿದರು. 2010ರಲ್ಲಿ ಈ ಆಲ್ಬಂ ಮತ್ತೆ ಬಿಡುಗಡೆಯಾದಾಗ, ಶಿಕಾಗೋಕ್ಕಿಂತ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಹೀಗೆ ಆಗಿತ್ತಾ ಅಂತ ಎಲ್ಲರೂ ಬಾಯಿಗೆ ಬೆರಳಿಟ್ಟರು. ಅವರು ತೀರಿಕೊಂಡದ್ದು 2015ರಲ್ಲಿ.

ನಮ್ಮವರಿಗೆ ಇದರಲ್ಲಿ ಒಂದು ಅನುಕೂಲ ಉಂಟು. ಭೂಪಾಲಿ ಅಂದರೆ ನಮ್ಮ ಮೋಹನ, ಮಾಲ್ಕೌಂಸ್ ಅಂದರೆ ಹಿಂದೋಳ, ಯಮನ್ ಅಂದರೆ ಹೆಚ್ಚುಕಡಿಮೆ ಕಲ್ಯಾಣಿ. ಯಕ್ಷಗಾನದ ಪದ್ಯ ಕೇಳಿ ಬೆಳೆದ ಕಿವಿಗೆ ಸ್ವರ ಎಲ್ಲಿಗೆ ಹೋಗುತ್ತದೆ ಅನ್ನುವುದು ಅಂದಾಜು ಇರುತ್ತದೆ. ಹಾಗಾಗಿ ರಾಗವನ್ನು ಹುಡುಕುವ ಕೆಲಸ ಇಲ್ಲ, ಸದ್ದಿನ ಕಡೆಗೆ ಕಿವಿ ಕೊಡಬಹುದು.

ಉದ್ದದ್ದು ಬೇಕಾದರೆ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ 1974ರ 'ಆಟೋಬಾನ್'. ಮೊದಲ ಹಾಡೇ 22 ನಿಮಿಷಕ್ಕಿಂತ ಜಾಸ್ತಿ. ಲಂಡನ್ನಿನ ಬರಿಯಲ್ ಮಾಡಿದ 2007ರ 'ಅನ್‌ಟ್ರೂ' ಕೂಡ ಒಳ್ಳೇದು, ಆದರೆ ಅದರಲ್ಲಿ ಹಳೆ ರೆಕಾರ್ಡಿನ ಚಟಪಟ, ಮಳೆಯ ಸದ್ದು ಎಲ್ಲ ಬೇಕಂತಲೇ ಹಾಕಿದ್ದಾರೆ. ನಾನು ಮೊದಲ ಸಲ ಕೇಳುವಾಗ ಇಯರ್‌ಫೋನ್ ಹಾಳಾಯಿತು ಅಂತ ವಯರ್ ಅಲ್ಲಾಡಿಸಿ ನೋಡಿದ್ದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಕೇಳಿದರಂತೂ ಯಾವ ಮಳೆ ಅವರದ್ದು, ಯಾವ ಮಳೆ ನಮ್ಮದು ಅಂತ ಗೊತ್ತಾಗುವುದಿಲ್ಲ.

ಶುರು ಮಾಡುವ ಮೊದಲು

ಫೈಲ್ ಡೌನ್‌ಲೋಡ್ ಮಾಡಿಕೊಳ್ಳಿ. ಮಳೆ ಜೋರಾದರೆ ನೆಟ್‌ವರ್ಕ್ ಹೋಗುತ್ತದೆ, ನೆಟ್‌ವರ್ಕ್ ಕಮ್ಮಿಯಾದಾಗ ಆ್ಯಪ್ ಸದ್ದಿಲ್ಲದೆ ಗುಣಮಟ್ಟ ಇಳಿಸುತ್ತದೆ, ಆಮೇಲೆ ನೀವು ಪಾಪದ ಹೆಡ್‌ಫೋನಿಗೆ ಬೈಯುತ್ತೀರಿ. ಕೊನೆಯವರೆಗೂ ಅದೇ ಒಂದು ಫೈಲ್ ಇರಲಿ. ಒಂದೇ ಆಲ್ಬಮ್ಮಿನ ಬೇರೆ ಬೇರೆ ಬಿಡುಗಡೆಗಳ ಸದ್ದು ಬೇರೆ ಇರಬಹುದು.

ಸೆಟ್ಟಿಂಗ್ಸಿಗೆ ಹೋಗಿ ಈಕ್ವಲೈಸರ್, ಬಾಸ್ ಬೂಸ್ಟ್, 'ತ್ರೀಡಿ ಸೌಂಡ್' ಎಲ್ಲ ಆಫ್ ಮಾಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಹಾಡಿಗೆ ಒಂದು ಸಾಲು ಸಾಕು, ವಿಮರ್ಶೆ ಬರೆಯಬೇಡಿ. ನನ್ನ ಮೊದಲ ದಿನದ ಪುಟದಲ್ಲಿ ಇರುವುದು "3ನೇದು: ತಲೆನೋವು" ಅಂತ ಮಾತ್ರ.

ಮೊದಲ ಎರಡು ವಾರ: ಸಾಮಾನು ಮುಟ್ಟಬೇಡಿ

ನಿಮ್ಮ ಹತ್ತಿರ ಈಗ ಇರುವ ಇಯರ್‌ಫೋನೇ ಸಾಕು. ಹತ್ತು ಸಲ ಕೇಳಬೇಕು. ದಿನಕ್ಕೆ ಒಂದಕ್ಕಿಂತ ಜಾಸ್ತಿ ಬೇಡ.

ಮೊದಲ ಮೂರು ಸಲ ಕೈಯಲ್ಲಿ ಕೆಲಸ ಇಟ್ಟುಕೊಂಡು ಕೇಳಿ. ಒಣಗಿದ ಚಾಲಿ ಅಡಿಕೆ ಸುಲಿಯುವುದು, ಪಾತ್ರೆ ತೊಳೆಯುವುದು, ಬಸ್ಸು, ಏನೂ ಆಗಬಹುದು. ಇಷ್ಟ ಆಯ್ತಾ ಇಲ್ವಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಬೇಡಿ. ಬೋರ್ ಆಗುತ್ತದೆ, ಆಗಲಿ. 1968ರಲ್ಲಿ ರಾಬರ್ಟ್ ಜಾಯಾಂಕ್ ಅನ್ನುವ ಮನಃಶಾಸ್ತ್ರಜ್ಞ ತೋರಿಸಿದ್ದು ಇದನ್ನೇ: ಅರ್ಥ ಗೊತ್ತಿಲ್ಲದ ವಸ್ತುವೂ ಪದೇ ಪದೇ ಎದುರಾದರೆ ಅದರ ಮೇಲೆ ಒಂದು ಒಲವು ಬೆಳೆಯುತ್ತದೆ.

ಇದು ನಮಗೆ ಹೊಸ ವಿಷಯ ಏನಲ್ಲ. ಯಕ್ಷಗಾನಕ್ಕೆ ಯಾರಾದರೂ ಕತೆ ತಿಳಿಯಲಿಕ್ಕೆ ಅಂತ ಹೋಗುತ್ತಾರಾ? ಕರ್ಣ ಸಾಯುತ್ತಾನೆ ಅಂತ ಚೌಕಿಯ (ವೇಷ ಕಟ್ಟುವ ಜಾಗದ) ಹೊರಗೆ ಕಡಲೆ ಮಾರುವವನಿಗೂ ಗೊತ್ತು. ಆದರೂ ವರ್ಷಕ್ಕೆ ಮೂರು ಸಲ ಅದೇ ಪ್ರಸಂಗಕ್ಕೆ ಹೋಗಿ ಕೂರುತ್ತೇವೆ. ಮೊದಲ ಸಲ ಕತೆ, ಎರಡನೇ ಸಲ ವೇಷ, ಐದನೇ ಸಲಕ್ಕೆ ಚೆಂಡೆಯವರು ಆ ಮುಕ್ತಾಯವನ್ನು ಹೇಗೆ ತೆಗೆದರು ಅನ್ನುವುದು. ಗೊತ್ತಿದ್ದದ್ದು ಹಿಂದೆ ಸರಿದರೆ ಮಾತ್ರ ಅದರ ಹಿಂದಿನದ್ದು ಕಾಣುವುದು.

ಬರೇ ಮಾತೂ ಹೀಗೇ. ಡಯಾನಾ ಡಾಯ್ಚ್ ಅನ್ನುವ ಸಂಶೋಧಕಿ 1995ರಲ್ಲಿ ತನ್ನದೇ ಮಾತಿನ ರೆಕಾರ್ಡಿಂಗನ್ನು ಸರಿಮಾಡುತ್ತಿದ್ದಾಗ ಒಂದು ತುಂಡು ತಿರುಗಿ ತಿರುಗಿ ಕೇಳುತ್ತಾ ಇತ್ತಂತೆ. ಸ್ವಲ್ಪ ಹೊತ್ತಿಗೆ ಅದು ಮಾತಾಗಿ ಉಳಿಯದೆ ಹಾಡಾಗಿ ಕೇಳಿತು. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಕಾಲು ಗಂಟೆ ನಿಂತರೆ ನಿಮಗೂ ಆಗುತ್ತದೆ. "ಕುಂಬ್ಳೆ-ಉಪ್ಳ-ಮಂಗ್ಳೂರ್, ಕುಂಬ್ಳೆ-ಉಪ್ಳ-ಮಂಗ್ಳೂರ್." ಬಸ್ಸು ಹೊರಟ ಮೇಲೂ ತಲೆಯಲ್ಲಿ ಅದರ ತಾಳ ಓಡುತ್ತಾ ಇರುತ್ತದೆ.

ನಾಲ್ಕನೇ ಸಲದಿಂದ ಕೈ ಖಾಲಿ ಇಟ್ಟುಕೊಂಡು ಕೂತು ಕೇಳಿ. ಪ್ರತಿ ಸಲ ಒಂದನ್ನೇ ಹಿಡಿಯಿರಿ. ಒಂದು ದಿನ ಕಿಕ್, ಅಂದರೆ ದುಮ್ ದುಮ್ ಅನ್ನುವ ಆ ತಳದ ಪೆಟ್ಟು. ಮರುದಿನ ಮೇಲಿನ ಚಿಕ್ ಚಿಕ್. ಇನ್ನೊಂದು ದಿನ ಬಾಸ್ ಮಾತ್ರ.

ಬಾಸಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅದೇ ಈ ಆಲ್ಬಮ್ಮಿನ ಜೀವ. 303 ಯಂತ್ರದಲ್ಲಿ 16 ಮನೆ ಇರುತ್ತದೆ, ಒಂದೊಂದು ಮನೆಗೂ ಒಂದೊಂದು ಸ್ವರ ಹಾಕಿ ಬಿಟ್ಟರೆ ಅದು ಬಂದ್ ಮಾಡುವವರೆಗೆ ಸುತ್ತುತ್ತಾ ಇರುತ್ತದೆ. ಮನುಷ್ಯ ನುಡಿಸಿದರೆ ಪ್ರತಿ ಸುತ್ತು ಕೂದಲೆಳೆಯಷ್ಟಾದರೂ ಬೇರೆ. ಯಂತ್ರದ್ದು ಹಾಗಲ್ಲ, ಸ್ವರ ಅದೇ, ಹೊತ್ತು ಅದೇ. ಹಾಗಾದರೆ ಕೇಳಲಿಕ್ಕೆ ಏನಿದೆ? ಗುಂಡಿ ಇದೆ. ಕಟಾಫ್ ಅಂತ ಒಂದು ಗುಂಡಿ ಸದ್ದಿನ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ರೆಸೊನೆನ್ಸ್ ಅಂತ ಇನ್ನೊಂದು, ಅದನ್ನು ಏರಿಸಿದರೆ ಆ ಬಾಯಿಗೆ ಮೂಗಿನ ಧ್ವನಿ ಬರುತ್ತದೆ. ಇದರ ಜೊತೆಗೆ ಸ್ಲೈಡ್. ಒಂದು ಸ್ವರದಿಂದ ಮುಂದಿನದಕ್ಕೆ ಹಾರದೆ ಜಾರಿಕೊಂಡು ಹೋಗುವುದು. ಗಿಟಾರಿನವರ ಅಭ್ಯಾಸಕ್ಕೆ ಜೊತೆಯಾಗಲಿ ಅಂತ ಮಾಡಿದ್ದ ಯಂತ್ರ ಅದು, ಅದರಲ್ಲಿ ಜಾರು ಗಮಕದಂಥದ್ದು ಸಿಕ್ಕಿಬಿಟ್ಟಿತು! ಮೊದಲ ಮೂರು ಸಲ ಕಿವಿ ಸ್ವರದ ಹಿಂದೆ ಓಡುವುದರಿಂದ "ಅದೇ ಅದೇ ಬರ್ತಾ ಉಂಟಲ್ಲ" ಅನ್ನಿಸುತ್ತದೆ. ಏಳನೇ ಸಲಕ್ಕೋ ಎಂಟನೇ ಸಲಕ್ಕೋ ಕಿವಿ ಸ್ವರವನ್ನು ಕೈಬಿಡುತ್ತದೆ, ಆವಾಗ ಗುಂಡಿ ತಿರುಗುವುದು ಕೇಳುತ್ತದೆ. ನನಗೆ ಅದು ಸುಮಾರು ಒಂಬತ್ತನೇ ಸಲ ಆಯಿತು, ಬಸ್ಸು ಸೀತಾಂಗೋಳಿ ದಾಟುವಾಗ. ಅದೇ ನಲವತ್ತು ರೂಪಾಯಿಯ ಇಯರ್‌ಫೋನಿನಲ್ಲಿ.

ದುಡ್ಡು ಖರ್ಚು ಮಾಡುವ ಮೊದಲು ಕಿವಿಯ ರಬ್ಬರ್ ನೋಡಿ

ಈ ಹೆಜ್ಜೆಗೆ ಒಂದು ಪೈಸೆ ಖರ್ಚಿಲ್ಲ, ಆದರೆ ಫಲ ಎಲ್ಲಕ್ಕಿಂತ ಜಾಸ್ತಿ. ಕಿವಿಯೊಳಗೆ ಹಾಕುವ ಇಯರ್‌ಫೋನಿನಲ್ಲಿ ರಬ್ಬರ್ ಟಿಪ್ ಗಟ್ಟಿ ಕೂರದಿದ್ದರೆ ಬಾಸ್ ಸೋರಿಹೋಗುತ್ತದೆ. ಅರ್ಧ ಅಲ್ಲ, ಹೆಚ್ಚುಕಡಿಮೆ ಪೂರ್ತಿ. ನಮ್ಮ ಊರಿನ ಬೆವರಿಗೆ ಹತ್ತು ನಿಮಿಷದಲ್ಲಿ ಜಾರಿ ಸಡಿಲ ಆಗುತ್ತದೆ ಬೇರೆ.

ಪೆಟ್ಟಿಗೆಯಲ್ಲಿ ಮೂರು ಸೈಜಿನ ಟಿಪ್ ಕೊಟ್ಟಿರುತ್ತಾರೆ, ನಾವು ಮಧ್ಯದ್ದನ್ನೇ ಹಾಕಿಕೊಂಡು ಉಳಿದದ್ದನ್ನು ಬಿಸಾಡುತ್ತೇವೆ. ಮೂರನ್ನೂ ಹಾಕಿ ನೋಡಿ. ಟೋನ್ ಜನರೇಟರ್ ಆ್ಯಪಿನಲ್ಲಿ 50 ಹರ್ಟ್ಸ್, ಅಂದರೆ ತುಂಬಾ ತಳದ ಒಂದು ಸದ್ದು, ಸಣ್ಣಕ್ಕೆ ಹಾಕಿ, ಬೆರಳಲ್ಲಿ ಇಯರ್‌ಫೋನನ್ನು ಮೆಲ್ಲಗೆ ಒಳಗೆ ಒತ್ತಿ. ಒತ್ತಿದಾಗ ಸದ್ದು ದಪ್ಪ ಆದರೆ ನಿಮ್ಮ ಟಿಪ್ ಸರಿ ಇಲ್ಲ. ಎಡಕ್ಕೆ ಒಂದು ಸೈಜು, ಬಲಕ್ಕೆ ಇನ್ನೊಂದು ಬೇಕಾಗಬಹುದು. ಕಿವಿಗಳೇನು ಅಚ್ಚಿನಲ್ಲಿ ಹೊಯ್ದದ್ದಲ್ಲ.

ಇನ್ನೊಂದು ಪರೀಕ್ಷೆ. ಕಿಕ್ ತಲೆಯ ನಟ್ಟನಡುವೆ ಕೇಳಬೇಕು. ಒಂದು ಬದಿಗೆ ಎಳೆದ ಹಾಗಿದ್ದರೆ ಎಡ ಬಲ ಅದಲು ಬದಲು ಮಾಡಿ ಹಾಕಿ. ಎಳೆತ ಆಚೆ ಬದಿಗೆ ಹೋದರೆ ಸಾಮಾನಿನ ದೋಷ. ಅಲ್ಲೇ ಉಳಿದರೆ ನಿಮ್ಮ ಕಿವಿಯದ್ದು, ಕೊಳೆ ಇರಬಹುದು, ಡಾಕ್ಟರಿಗೆ ತೋರಿಸಿ. ನಾನು ಒಂದು ಸಲ ಆನ್‌ಲೈನಿನಲ್ಲಿ ಅರ್ಧ ಕ್ರಯಕ್ಕೆ ಸಿಕ್ಕಿತು ಅಂತ ಹೆಡ್‌ಫೋನ್ ತರಿಸಿ ಆರು ತಿಂಗಳು "ಎಡಬದಿ ಸ್ವಲ್ಪ ಮೆತ್ತಗೆ, ಅದೇ ಇದರ ಸ್ಟೈಲ್" ಅಂತ ನಂಬಿದ್ದೆ. ಡೂಪ್ಲಿಕೇಟ್ ಮಾಲು.

ಮೂರನೇ ವಾರ: ಈಗ ಸಾಮಾನು ಬದಲಾಯಿಸಿ

ಹೊಸದು ತಗೊಳ್ಳಲೇಬೇಕು ಅಂತಿಲ್ಲ. ಯಾರಾದರೂ ಗೆಳೆಯರ ಹತ್ತಿರ ಒಂದು ವಾರಕ್ಕೆ ಕೇಳಿ. ಕಿವಿಯನ್ನು ಪೂರ್ತಿ ಮುಚ್ಚುವ, ವಯರ್ ಇರುವ ಹೆಡ್‌ಫೋನ್ ಆದರೆ ಒಳ್ಳೇದು. ಬ್ಲೂಟೂತ್ ಆದರೂ ನಡೆಯುತ್ತದೆ. ಅದರಲ್ಲಿ ಸದ್ದನ್ನು ಕುಗ್ಗಿಸಿ ಕಳುಹಿಸುತ್ತಾರೆ ನಿಜ, ಆದರೆ ಟಿಪ್ ಸರಿ ಕೂರದ್ದರಿಂದ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ. ಫೋನಿಗೆ ಜ್ಯಾಕ್ ಇಲ್ಲದಿದ್ದರೆ ಒಂದು ಸಣ್ಣ ಡಾಂಗಲ್ ಸಾಕು. ಇದಕ್ಕೆ ಅಂತಲೇ ಆಂಪ್ಲಿಫಯರ್ ತಗೊಳ್ಳಿ ಅನ್ನುವವರ ಮಾತು ಈಗ ಕೇಳಬೇಡಿ.

ಹಳೇದು ಹೊಸದು ಹೋಲಿಸುವಾಗ ಎಲ್ಲರೂ ಬೀಳುವ ಗುಂಡಿ ಒಂದು ಉಂಟು: ವಾಲ್ಯೂಮ್. ಸ್ವಲ್ಪ ಜೋರಾಗಿ ಇದ್ದದ್ದೇ ಕಿವಿಗೆ "ಚೆಂದ" ಅನ್ನಿಸುತ್ತದೆ. ಅದಕ್ಕೆ ಕಾರಣವೂ ಉಂಟು. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಅಳತೆ ಮಾಡಿ ತೋರಿಸಿದ ಹಾಗೆ, ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ತಳದ ಸ್ವರ ಕೇಳುವುದು ಬೇಗ ಕಮ್ಮಿಯಾಗುತ್ತದೆ. ಜೋರು ಮಾಡಿದರೆ ಬಾಸ್ ತಾನಾಗಿ ತುಂಬಿಕೊಂಡ ಹಾಗೆ. ಹಾಗಾಗಿ ಹೊಸ ಹೆಡ್‌ಫೋನ್ ಎರಡು ಗೀಟು ಜೋರಿದ್ದರೆ ನೀವು ಹೊಗಳುವುದು ಹೆಡ್‌ಫೋನನ್ನಲ್ಲ, ವಾಲ್ಯೂಮನ್ನು.

ಮಾಡಬೇಕಾದದ್ದು ಇಷ್ಟು. ಹಾಡಿನ ಮಧ್ಯದ ಭಾಗ, ಅಂದರೆ ಕೀಬೋರ್ಡಿನ ರಾಗ ನುಡಿಯುವ ಜಾಗ, ಎರಡರಲ್ಲೂ ಒಂದೇ ಮಟ್ಟದಲ್ಲಿ ಕೇಳುವ ಹಾಗೆ ವಾಲ್ಯೂಮ್ ಹೊಂದಿಸಿ. ಆಮೇಲೆ ನಿಮಗೆ ಯಾವುದು ಇಷ್ಟವೋ ಅದನ್ನು ಬೇಕಂತಲೇ ಒಂದು ಗೀಟು ಇಳಿಸಿ. ಆಗಲೂ ಅದೇ ಚೆಂದ ಅನ್ನಿಸಿದರೆ ಅದು ನಿಜವಾಗಿ ಚೆಂದ.

ಜೋರಿನ ವಿಷಯ ಬಂದದ್ದಕ್ಕೆ ಹೇಳುವುದು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಸಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಬಸ್ಸಿನ ಇಂಜಿನ್ ಸದ್ದನ್ನು ಮುಳುಗಿಸಲಿಕ್ಕೆ ವಾಲ್ಯೂಮ್ ಏರಿಸುವವರು ನೆನಪಿಡಿ.

ಹೊಸ ಹೆಡ್‌ಫೋನಿನಲ್ಲಿ ಮೂರು ಸಲ ಕೇಳಿ, ಆಮೇಲೆ ನೋಟ್‌ಬುಕ್ ತೆರೆಯಿರಿ. ಮೊದಲೇ ಬರೆದಿದ್ದು ಯಾವುದು ಈಗ ಸ್ಪಷ್ಟ ಆಯಿತು, ಯಾವುದು ಪೂರಾ ಹೊಸದು ಅಂತ ಗುರುತು ಹಾಕಿ. ನನ್ನ ಪುಟದಲ್ಲಿ ಹೊಸದು ಅಂತ ಇದ್ದದ್ದು ಎರಡೇ: ಕಿಕ್ಕಿನ ಪೆಟ್ಟು ಬಿದ್ದ ಮೇಲೂ ಉಳಿಯುವ ಗುಂಯ್ ಅನ್ನುವ ಬಾಲ, ಮತ್ತು ರಾಗದ ಸುತ್ತ ಇರುವ ಜಾಗ. ಉಳಿದ ಹನ್ನೊಂದೂ ನಲವತ್ತು ರೂಪಾಯಿಯ ಇಯರ್‌ಫೋನಿನಲ್ಲೇ ಕೇಳಿತ್ತು.

ಹೆಡ್‌ಫೋನನ್ನು ನೂರು ಗಂಟೆ ಓಡಿಸಿದರೆ ಅದು 'ಬಿಚ್ಚಿಕೊಳ್ಳುತ್ತದೆ' ಅಂತ ಹೇಳುವವರು ಇದ್ದಾರೆ. ಕುಶನ್ ಮೆತ್ತಗಾಗಿ ಕಿವಿಗೆ ಸರಿಯಾಗಿ ಕೂರುವುದು ಹೌದು. ಉಳಿದಂತೆ ಬಿಚ್ಚಿಕೊಳ್ಳುವುದು ಹೆಚ್ಚಾಗಿ ಕೇಳುವವನ ಕಿವಿ ಅಂತ ನನ್ನ ಅಭಿಪ್ರಾಯ. ಕುಶನ್ ಅಂದಾಗ ನೆನಪಾಯಿತು, ಇಲ್ಲಿನ ಥಂಡಿಗೆ ಅದರ ಚರ್ಮ ಎರಡು ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ. ಕೇಳಿ ಆದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ.

ನಾಲ್ಕನೇ ವಾರ: ಸ್ಪೀಕರ್, ಕೋಣೆ, ಅಡಿಕೆ ಗೋಣಿ

ಸ್ಪೀಕರ್ ಇದ್ದವರಿಗೆ ಮಾತ್ರ ಈ ಹೆಜ್ಜೆ. ಇಲ್ಲಿ ಸಾಮಾನಿಗಿಂತ ಕೋಣೆಯದ್ದೇ ಕಾರುಬಾರು.

ನಮ್ಮ ಮೂಲೆಯ ಕೋಣೆ 11 ಅಡಿ ಅಗಲ. ಮುರಕಲ್ಲಿನ ಗೋಡೆಗೆ ಸಿಮೆಂಟು ಸಾರಣೆ, ಕೆಳಗೆ ರೆಡ್ ಆಕ್ಸೈಡ್ ನೆಲ. ಚಪ್ಪಾಳೆ ತಟ್ಟಿದರೆ ಟ್ರಿಂಗ್ ಅಂತ ತಿರುಗಿ ಕೇಳುತ್ತದೆ. ಸದ್ದು ಒಂದು ಸೆಕೆಂಡಿಗೆ ಸುಮಾರು 1,125 ಅಡಿ ಹೋಗುತ್ತದೆ. ಇದನ್ನು ಕೋಣೆಯ ಅಗಲದ ಎರಡು ಪಟ್ಟಿನಿಂದ, ಅಂದರೆ 22ರಿಂದ, ಭಾಗಿಸಿದರೆ 51. ಆ 51 ಹರ್ಟ್ಸ್ ಸ್ವರ ಈ ಕೋಣೆಯ ಗೋಡೆಗಳ ನಡುವೆ ಸಿಕ್ಕಿಬಿದ್ದು ಮೊಳಗುತ್ತದೆ. 808 ಯಂತ್ರದ ಕಿಕ್ ಕೂಡ ಸುಮಾರು 50ರ ಹತ್ತಿರವೇ! ಹಾಗಾಗಿ ಗೋಡೆಗೆ ಒರಗಿ ಕೂತರೆ ಬರೇ ದುಮ್ ದುಮ್, ಕೋಣೆಯ ನಟ್ಟನಡುವೆ ಕೂತರೆ ಕಿಕ್ಕೇ ಮಾಯ. ಹಾಡು ಒಂದೇ, ಸ್ಪೀಕರ್ ಒಂದೇ, ಐದು ಅಡಿ ಆಚೆ ಈಚೆ.

ನಿಮ್ಮ ಕೋಣೆಯ ಲೆಕ್ಕವನ್ನೂ ಹೀಗೇ ಹಾಕಿ. ಆಮೇಲೆ ಹಾಡು ಹಾಕಿ ಕೋಣೆಯಿಡೀ ನಿಧಾನಕ್ಕೆ ನಡೆಯಿರಿ, ಬಾಸ್ ಸಮ ಅನ್ನಿಸುವ ಕಡೆ ಕುರ್ಚಿ ಹಾಕಿ. ಸ್ಪೀಕರನ್ನು ಮೂಲೆಯಿಂದ ಎರಡು ಮೂರು ಅಡಿ ಈಚೆ ತನ್ನಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸರಿಸುಮಾರು ಮೂರು ಸಮ ಬದಿಯ ತ್ರಿಕೋನ ಆಗಲಿ.

ಟ್ರಿಂಗ್ ಅನ್ನುವುದಕ್ಕೆ ದಪ್ಪ ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕಪಾಟು ಏನಾದರೂ ಆಗುತ್ತದೆ. ನಮ್ಮಲ್ಲಿ ಆ ಕೋಣೆಯ ಹಿಂದಿನ ಗೋಡೆಗೆ ಚಾಲಿ ಅಡಿಕೆಯ ಗೋಣಿ ಅಟ್ಟಿ ಹಾಕಿತ್ತು. ನಾನು ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಒಂದು ಶನಿವಾರ ಕ್ರಯ ಏರಿತು ಅಂತ ಅಪ್ಪ ಅಷ್ಟನ್ನೂ ಮಾರಿಬಿಟ್ಟರು. ಸಂಜೆ ಹಾಡು ಹಾಕಿದರೆ ಚಿಕ್ ಚಿಕ್ ಎಲ್ಲ ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ! ಸ್ಪೀಕರ್ ಹಾಳಾಯಿತು ಅಂತ ಹಿಂದಿನ ವಯರ್ ಎಲ್ಲ ಕಿತ್ತು ಹಾಕಿದ ಮೇಲೆ ತಲೆಗೆ ಹೊಳೆಯಿತು. ಬಾಸಿನಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಆಗಿರಲಿಲ್ಲ. ಅದಕ್ಕೆ ಕುರ್ಚಿ ಸರಿಸುವುದೇ ದಾರಿ.

ಮಳೆ ಜೋರಿದ್ದಾಗ ಸ್ಪೀಕರಿನಲ್ಲಿ ಕೇಳಬೇಡಿ. ಹಂಚಿನ ಮೇಲಿನ ಸದ್ದು ಮೊದಲು ನುಂಗುವುದು ಆ ಚಿಕ್ ಚಿಕ್ ಅನ್ನೇ.

ಹತ್ತು ದಿನ ಬಿಡಿ, ಆಮೇಲೆ ಫೋನಿಗೇ ವಾಪಸ್ಸು

ಹತ್ತು ದಿನ ಆ ಆಲ್ಬಮ್ಮನ್ನು ಮುಟ್ಟಬೇಡಿ. ಬೇರೆ ಏನಾದರೂ ಕೇಳಿ, ತಾಳಮದ್ದಳೆಗೆ ಹೋಗಿ.

ಕೊನೆಗೆ ಅದನ್ನೇ ಫೋನಿನ ಸ್ಪೀಕರಿನಲ್ಲಿ ಹಾಕಿ, ಮೊದಲ ದಿನದ ಜಾಗದಲ್ಲೇ. ಫೋನಿನ ಸ್ಪೀಕರಿಗೆ 50 ಹರ್ಟ್ಸ್ ಹೊರಡಿಸುವ ತಾಕತ್ತೇ ಇಲ್ಲ, ಅಷ್ಟು ಸಣ್ಣದು ಅದು. ಕಿಕ್ಕಿನದ್ದು ಟಿಕ್ ಅನ್ನುವ ತುದಿ ಮಾತ್ರ ಬರುತ್ತದೆ. ಆದರೂ ನಿಮಗೆ ದುಮ್ ಕೇಳುತ್ತದೆ. ಮೇಲಿನ ಸ್ವರಗಳು ಸಿಕ್ಕಿದರೆ ತಳದ್ದನ್ನು ಮಿದುಳು ತಾನೇ ಊಹಿಸಿಕೊಳ್ಳುತ್ತದೆ, ಜೊತೆಗೆ ಐದು ವಾರದ ನೆನಪು ಬೇರೆ.

ನಾನು ಹೋದ ವರ್ಷ ಹೀಗೆ ಮಾಡಿದಾಗ ಮಾವ ಅಲ್ಲೇ ಸುಲಿಯುತ್ತಾ ಇದ್ದರು. ಅವರು ಹೆಡ್‌ಫೋನ್ ಕಿವಿಗೆ ಹಾಕಿದವರಲ್ಲ, ಆದರೆ ನಾನು ಮೂಲೆಯ ಕೋಣೆಯಲ್ಲಿ ಹಾಕಿದ್ದೆಲ್ಲ ಜಗಲಿಯಲ್ಲಿ ಕೂತು ಕೇಳಿಯಾಗಿತ್ತು. ಹವ್ಯಾಸಿ ಮದ್ದಳೆಗಾರರು. ಭೂಪಾಲಿ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಬಲಗೈ ಬೆರಳು ಗೋಣಿಯ ಮೇಲೆ ಆಡತೊಡಗಿತು. ಬೀಳುತ್ತಿದ್ದದ್ದು ಸರಿಯಾಗಿ ಕಿಕ್ ಇರುವ ಜಾಗಕ್ಕೆ, ಫೋನಿನಿಂದ ಬರದೇ ಇದ್ದ ಆ ದುಮ್‌ಗೆ.

"ಮೋಹನ ಅಲ್ವಾ ಇದು?" ಅಂದರು.

ಹೌದು ಮಾವ ಅಂದೆ.

"ಅಡ್ಡಿಯಿಲ್ಲ. ಆದರೆ ಆ ತಾಳ ಹಾಕುವವನಿಗೆ ಒಂದು ಸಲ ಚಾ ಕುಡೀಲಿಕ್ಕಾದರೂ ಬಿಡಬೇಕಿತ್ತು ಮಾರಾಯ."